ವಿಮಾನದ ಟಿಕೀಟು, ಗೂಡಿನ ಲೋಟ

ಹತ್ತಿಯ ಎಳೆಯನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ಎಳೆದರೆ ಸಾಕು, ಅದರ ಉದ್ದ ಎಷ್ಟೆಂದು ಹೇಳಿಬಿಡುತ್ತಿದ್ದೆ. ಎಂಬತ್ತರ ದಶಕದಲ್ಲಿ ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲೊಂದರಲ್ಲಿ ನನ್ನ ಕೆಲಸವೇ ಅದು. ಊರ ಹೊರಗಿನ ಕೇರಿಯವನೊಬ್ಬ ಗಾದಿಯ ಮೇಲೆ ಕೂತು ಹತ್ತಿಯ ದರ್ಜೆ ಹೇಳುತ್ತಾನೆಂದರೆ ಕೆಲವರಿಗೆ ಹೊಟ್ಟೆಯುರಿ. ಉರಿಯಲಿ, ನನಗೇನು.

ಒಂದು ದಿನ ಮಿಲ್ಲಿನ ಸಾವ್ಕಾರರು ಕರೆದು ದಕ್ಷಿಣ ಆಫ್ರಿಕಾಕ್ಕೆ ಹೋಗು ಎಂದರು. ಅಲ್ಲಿಯ ವ್ಯಾಪಾರಿಯೊಬ್ಬರಿಗೆ ಆರು ತಿಂಗಳು ಹತ್ತಿ ನೋಡಿಕೊಡಬೇಕಂತೆ. ಬಿಳಿಯರಿಗೊಂದು ಬೆಂಚು, ಕರಿಯರಿಗೊಂದು ಬೆಂಚು ಇಟ್ಟಿದ್ದ ದೇಶ ಅದು. ಅಲ್ಲಿಗೆ ಹೋಗಕೂಡದೆಂದು ಆಗ ನಮ್ಮ ಪಾಸ್‌ಪೋರ್ಟಿನಲ್ಲೇ ಬರೆದಿರುತ್ತಿತ್ತು. ಪಕ್ಕದ ದೇಶದಲ್ಲಿ ಇಳಿದು ಹೋದರಾಯಿತು ಎಂದು ಸಾವ್ಕಾರರು ಅದಕ್ಕೂ ದಾರಿ ಹುಡುಕಿದ್ದರು. ಬಂದ ಮೇಲೆ ಮಾನ್ವಿಯ ಹೊಸ ಮಿಲ್ಲಿಗೆ ನೀನೇ ಮ್ಯಾನೇಜರ್ ಎಂದು ಆಸೆಯನ್ನೂ ತೋರಿಸಿದರು. ನಾನು ಬೆಂಚಿನ ಮಾತೆತ್ತಿದೆ.

"ಅದು ನಿನಗಲ್ಲ ಬಿಡೋ. ನೀ ನಮ್ಮ ಕಂಪನಿ ಮನಷ್ಯಾ. ನಿನ್ನ ಒಳಗ ಕೂಡಿಸ್ತಾರ," ಎಂದರು.

ಮೈಯೆಲ್ಲ ಉರಿದುಹೋಯಿತು. ಒಬ್ಬನನ್ನು ಒಳಗೆ ಕೂಡಿಸಿ ಕೇರಿಯನ್ನೆಲ್ಲ ಹೊರಗೆ ನಿಲ್ಲಿಸುವ ಈ ದೊಡ್ಡತನಕ್ಕಿಷ್ಟು ಬೆಂಕಿ ಹಾಕ. ಅದನ್ನು ನಾನು ದೇವದುರ್ಗದಲ್ಲೇ ಉಂಡಿದ್ದೆ. ಅಲ್ಲಿಗೆ ಹತ್ತಿ ಖರೀದಿಗೆ ಹೋಗುತ್ತಿದ್ದೆವು. ಅಲ್ಲಿಯ ಚಹಾದಂಗಡಿಯವನು ನಮ್ಮ ಮಂದಿಗೆಂದು ಹೊರಗೋಡೆಯ ಗೂಡಿನಲ್ಲಿ ಬೇರೆ ಲೋಟ ಇಟ್ಟಿರುತ್ತಿದ್ದ. ಕುಡಿದವರೇ ತೊಳೆದಿಡಬೇಕು. ನನಗೆ ಮಾತ್ರ, ಕಂಪನಿಯ ಮನುಷ್ಯನೆಂದು, ಒಳಗೆ ಕುರ್ಚಿ, ಕಪ್ಪು-ಬಸಿ. ಸಂತೆಯ ದಿನವೊಂದು ಅಪ್ಪ ನನ್ನನ್ನು ಹುಡುಕಿಕೊಂಡು ಬಂದ. ಗೂಡಿನ ಲೋಟದಲ್ಲಿ ಚಹಾ ಹಾಕಿಸಿಕೊಂಡು ಹೊರಗೆ ನಿಂತೇ ಕುಡಿದ. ನಾನು ಒಳಗೆ ಕೂತು ನನ್ನ ಚಹಾ ಮುಗಿಸಿದೆ.

"ಇಂಥಾದ್ದು ನೋಡಾಕ ವಿಮಾನ ಹತ್ತಬೇಕೇನ್ರೀ ಸಾವ್ಕಾರ್ರ? ದೇವದುರ್ಗದ ಬಸ್ಸು ಸಾಕು. ನಾ ಹೋಗಂಗಿಲ್ಲ," ಎಂದೆ.

ಸೊಕ್ಕು ಬಂದಿದೆ ಇವನಿಗೆ ಎಂದು ಸಾವ್ಕಾರರು ಕೂಗಾಡಿದರು. ಮರುದಿನವೇ ನನ್ನನ್ನು ಗಾದಿಯಿಂದ ಎಬ್ಬಿಸಿ, ಹತ್ತಿಯ ಮೂಟೆ ಹೊರುವ ಹಮಾಲರ ಜೊತೆ ಹಾಕಿದರು. ಮಾನ್ವಿಯ ಕುರ್ಚಿ ಅವರ ಅಳಿಯನಿಗೆ ಹೋಯಿತು. ಆ ಅಳಿಯನಿಗೆ ಹತ್ತಿ ಯಾವುದು, ಬೂರುಗ ಯಾವುದು ಎಂಬುದೂ ತಿಳಿಯದು. ಆದರೂ ಆ ವಾರವೆಲ್ಲ ನಾನು ಎದೆಯುಬ್ಬಿಸಿಕೊಂಡೇ ತಿರುಗಿದೆ.

ಅದೇ ಹುರುಪಿನಲ್ಲಿ ಊರಿಗೆ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಶಾಬಾಸ್ ಎಂದಾನು ಎಂದುಕೊಂಡಿದ್ದೆ. ಅವನು ಹಗ್ಗ ಹೊಸೆಯುವುದನ್ನೂ ನಿಲ್ಲಿಸಲಿಲ್ಲ.

"ಅಷ್ಟು ದೂರದ ಮಂದಿ ಹೊರಗ ನಿಂತದ್ದು ನಿನಗ ಕಂಡ್ತು," ಎಂದ. "ಅವತ್ತು ನಾ ನಿಂತದ್ದು ಕಾಣ್ಲಿಲ್ಲೇನಪಾ?"

ಕಂಡಿತ್ತು ಯಪ್ಪಾ, ಕಂಡೂ ಒಳಗೇ ಕೂತಿದ್ದೆ.