ನೀಲವ್ವ ನೇದ ಖಣ, ನಾನು ಬರೆದ ಅಜ್ಜಿ

ಮೈಸೂರಿನಲ್ಲಿ ಮೂರನೇ ದಿನ. ಕೆಸರೆಯ ತರಕಾರಿ ಗಾಡಿಯ ಮುಂದೆ ನಿಂತು ಬದನೆಕಾಯಿಯ ಬೆಲೆ ಕೇಳಿ, "ಭಾಳ ತುಟ್ಟಿ ಆತಲ್ರಿ" ಎಂದೆ. ಗಾಡಿಯ ಅಮ್ಮ ಗಾಬರಿಯಿಂದ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಏನಾಗದೆ ಕಣಮ್ಮ ನನ್ ತುಟಿಗೆ?" ಎಂದರು. ಬೆಲೆ ಜಾಸ್ತಿ ಎನ್ನುವುದಕ್ಕೆ ನಮ್ಮ ಗುಳೇದಗುಡ್ಡದಲ್ಲಿ ತುಟ್ಟಿ ಅನ್ನುತ್ತೇವೆ ಎಂದು ವಿವರಿಸುವಷ್ಟರಲ್ಲಿ ಸುತ್ತ ನಿಂತವರೆಲ್ಲ ನಗುತ್ತಿದ್ದರು. ಕನ್ನಡದವಳಾಗಿ ಕನ್ನಡಕ್ಕೇ ಅರ್ಥ ಹೇಳಬೇಕಾಗಿ ಬಂದಾಗ, ನಾನು ಎಷ್ಟು ದೂರ ಬಂದಿದ್ದೇನೆ ಎಂಬ ಅಂದಾಜೇ ತಪ್ಪಿಹೋಯಿತು.

ಗಂಡನಿಗೆ ವರ್ಗವಾಗಿ ಜಯಮ್ಮನವರ ಮನೆಯ ಮಹಡಿಗೆ ಬಾಡಿಗೆಗೆ ಬಂದಿದ್ದೆವು. ಕೆಳಗೆ ಅವರು ಬ್ಲೌಸ್ ಹೊಲಿಯುತ್ತಾರೆ. ಊರಲ್ಲಿ ಬಾಗಿಲು ತೆಗೆದರೆ ಓಣಿಯ ಮಗ್ಗಗಳ ಸದ್ದು, ಇಲ್ಲಿ ಜಯಮ್ಮನವರ ಹೊಲಿಗೆ ಯಂತ್ರ. ಅಲ್ಲಿ ರೊಟ್ಟಿ, ಇಲ್ಲಿ ಮುದ್ದೆ. ಮುದ್ದೆಯನ್ನು ಅಗಿಯದೆ ನುಂಗುವುದು ಕಲಿಯಲು ತಿಂಗಳೇ ಹಿಡಿಯಿತು. ಉಳಿದ ಹೊತ್ತೆಲ್ಲ ಗೋಡೆ ನೋಡುತ್ತ ಕೂರುತ್ತಿದ್ದೆ. ಒಂದು ದಿನ ಜಯಮ್ಮನವರಿಗೆ ನಮ್ಮೂರಿನ ಖಣ ಕೊಟ್ಟೆ. ಖಣ ಎಂದರೆ ಕುಪ್ಪಸಕ್ಕೆಂದೇ ನೇಯುವ ಅಂಚಿನ ಬಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಮಾರಮ್ಮ. ಸುಮ್ನೆ ಕೂತ್ರೆ ತಲೆ ಕೆಟ್ಬುಡ್ತದೆ" ಎಂದರು.

ನಮ್ಮೂರಿನ ನೀಲವ್ವ ನೇದು ಕಳಿಸಲು ಒಪ್ಪಿದಳು. ಮಾರುವುದು ಹೇಗೆಂದು ಕಲಿಯಲು ಜಯಲಕ್ಷ್ಮಿಪುರಂನ ಒಂದು ಮನೆಯಲ್ಲಿ ನಡೆಯುತ್ತಿದ್ದ ಆನ್‌ಲೈನ್ ಮಾರ್ಕೆಟಿಂಗ್ ತರಗತಿಗೆ ಸೇರಿದೆ. ಹೊಸದಾಗಿ ಉದ್ಯಮ ಶುರು ಮಾಡುವವರು ಓದಲೇಬೇಕಾದ ಪುಸ್ತಕಗಳೆಂದು ಮೇಷ್ಟ್ರು ಒಂದು ಪಟ್ಟಿ ಕೊಟ್ಟರು. ಎಲ್ಲವೂ ಇಂಗ್ಲಿಷ್. ಫೋನಿನಲ್ಲಿ ಅರ್ಥ ಹುಡುಕುತ್ತ ಓದಿದೆ. ಒಂದು ಪುಸ್ತಕ ಗ್ರಾಹಕರು ಕೇಳಿದ್ದನ್ನೇ ಕೊಡು ಎಂದಿತು. ಇನ್ನೊಂದು, ಗ್ರಾಹಕರಿಗೆ ತಮಗೇನು ಬೇಕೆಂದು ಗೊತ್ತಿರುವುದಿಲ್ಲ ಎಂದಿತು. ದಿನವೂ ಬರೆ ಎಂದಿತು ಮೂರನೆಯದು; ಅಪರೂಪಕ್ಕೆ ಬರೆದರೇ ಬೆಲೆ ಎಂದಿತು ನಾಲ್ಕನೆಯದು. ಯಾವುದನ್ನು ನಂಬಬೇಕೋ ತಿಳಿಯದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಖಣ ಮಾರಲೆಂದು ಶುರು ಮಾಡಿದ್ದ ನನ್ನ ಬ್ಲಾಗನ್ನು ನಾನು ಮತ್ತು ನನ್ನ ಗಂಡ ಓದುತ್ತಿದ್ದೆವು. ಅವರು ಪೂರ್ತಿ ಓದುತ್ತಿದ್ದರೆಂದು ಹೇಳಲಾರೆ.

ಮೇಷ್ಟ್ರು ನೋಡಿ ತಲೆಯಾಡಿಸಿದರು. "ಕಥೆ ಇಲ್ದೆ ಬಟ್ಟೆ ಹೋಗಲ್ಲ ಕಣಮ್ಮ. ನಿಮ್ಮಜ್ಜಿ ನೇಯ್ತಿದ್ರು ಅಂತ ಬರೀರಿ."

"ಆಕಿ ನೇಯ್ತಿರಲಿಲ್ರಿ ಸರ್. ಹೊಲದಾಗ ಕಳೆ ತಗೀತಿದ್ಲು."

"ಓದೋರಿಗೆ ಗೊತ್ತಾಗುತ್ತಾ?"

ಗೊತ್ತಾಗುವುದಿಲ್ಲ ಎನಿಸಿತು. ಬರೆದೆ. ಅಜ್ಜಿಯ ಬೆರಳು, ಅಜ್ಜಿಯ ಮಗ್ಗ, ಅಜ್ಜಿಯ ತೊಡೆಯ ಮೇಲೆ ಮಲಗಿದ ನಾನು. ನಿಜಕ್ಕೂ ನಾನು ಆಕೆಯನ್ನು ಎಂದೂ ಅಜ್ಜಿ ಎಂದು ಕರೆದವಳಲ್ಲ; ನಮ್ಮಲ್ಲಿ ಆಯಿ ಎನ್ನುತ್ತೇವೆ. ಆದರೆ ಬರಹ ಓಡಿತು. ಮೈಸೂರಿನ ಯಾದವಗಿರಿಯಿಂದ, ಬೆಂಗಳೂರಿನಿಂದ ಖಣ ಕೇಳಿದರು. 'ನಿಮ್ಮ ಅಜ್ಜಿಗೆ ನಮಸ್ಕಾರ' ಎಂದು ಒಬ್ಬರು ಬರೆದರು. ಅದನ್ನು ಓದಿ ಸಂತೋಷವಾಯಿತು. ಯಾರಿಗೆ ಬಂದ ನಮಸ್ಕಾರ ಎಂದು ಯೋಚಿಸಲಿಲ್ಲ.

ವಾರದ ಮೇಲೆ ನೀಲವ್ವ ಫೋನ್ ಮಾಡಿದಳು. ಮಗಳು ಅವಳಿಗೆ ಓದಿ ಹೇಳಿದ್ದಳು.

"ಸುಮಿ, ನಿಮ್ಮಾಯಿ ಯಾವಾಗವ್ವ ಮಗ್ಗದಾಗ ಕುಂತಿದ್ಲು?"

ನಾನು ಏನೋ ತೊದಲಿದೆ. ಮಾರಾಟಕ್ಕೆ ಹಾಗೆ ಬರೆಯಬೇಕಂತ, ಪುಸ್ತಕದಲ್ಲೂ ಇದೆ ಎಂದೆ.

"ನೇದಾಕಿ ನಾ. ನನ್ನ ಹೆಸರು ಬರೀಲಿಲ್ಲ, ಹೋಗ್ಲಿ. ಬಿಸಲಾಗ ದುಡದ ನಿಮ್ಮಾಯಿನ್ನೂ ಅಳಿಸಿ ಕುಂತೆಲ್ಲ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು.

ಮೇಷ್ಟ್ರನ್ನು ಕೇಳಿದರೆ, "ಈಗ ಬದಲಾಯಿಸಿದ್ರೆ ನಂಬಿಕೆ ಹೋಗುತ್ತೆ" ಎಂದರು. ಸುಳ್ಳಿನ ಮೇಲಿದ್ದ ನಂಬಿಕೆ ಹೋದರೆ ನಷ್ಟವೋ ಲಾಭವೋ, ನನಗೆ ಬಗೆಹರಿಯಲಿಲ್ಲ. ಜಯಮ್ಮನವರಿಗೆ ಹೇಳಿದೆ. ಅವರು ಯಂತ್ರ ನಿಲ್ಲಿಸಿದರು.

"ಬ್ಲೌಸಿಗೆ ಬಂದೋರ್ಗೆಲ್ಲ ನಿಮ್ಮಜ್ಜಿ ಕಥೆ ಏಳ್ಬುಟ್ಟಿದೀನಲ್ಲಮ್ಮ! ನಂಗೂ ಅಂಗೇ ಏಳಿದ್ಯಲ್ಲ ನೀನು?"

ಮೈಸೂರಿನಲ್ಲಿ ನನ್ನನ್ನು ಮೊದಲು ನಂಬಿದವರು ಅವರೇ. ಮಹಡಿ ಹತ್ತಿ ಬಂದು ಬರೆಯಲು ಕೂತೆ. ಮೂರು ಸಲ ಅಳಿಸಿದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಖಣ ನೇದವಳು ನೀಲವ್ವ, ನಮ್ಮ ಆಯಿ ಜೋಳದ ಹೊಲದಲ್ಲಿ ಕಳೆ ತೆಗೆದವಳು, ಹಿಂದೆ ಬರೆದದ್ದು ಸುಳ್ಳು, ಕ್ಷಮಿಸಿ. ಕೆಲವರು ಖಣ ಬೇಡವೆಂದರು. ನಮಸ್ಕಾರ ಹೇಳಿದ್ದವರು ಮತ್ತೆ ಬರೆಯಲೇ ಇಲ್ಲ. ಇನ್ನು ಕೆಲವರು ನೀಲವ್ವನ ಹೆಸರು ಹಿಡಿದು ಕೇಳಿದರು. ಜಯಮ್ಮ ಎರಡು ದಿನ ಮಾತು ಬಿಟ್ಟು, ಮೂರನೇ ದಿನ ಉಪ್ಸಾರು ತಂದುಕೊಟ್ಟರು. ಊರಿಂದ ನೀಲವ್ವನ ಮಗಳ ಸಂದೇಶ ಬಂತು: 'ಅವ್ವ ಕೇಳಿದ್ಲು. ಮತ್ತೊಮ್ಮೆ ಓದು ಅಂದ್ಲು.'

ಉದ್ಯಮಕ್ಕೆ ಯಾವ ಪುಸ್ತಕ ಓದಬೇಕೆಂದು ಈಗ ಊರಿನ ಹುಡುಗಿಯರು ನನ್ನನ್ನು ಕೇಳುತ್ತಾರೆ. ಆ ನಾಲ್ಕನ್ನೂ ಹೇಳುತ್ತೇನೆ, ನಾನಿನ್ನೂ ಗೊಂದಲದಲ್ಲೇ ಇದ್ದೇನೆಂದೂ ಹೇಳುತ್ತೇನೆ. ಒಂದು ಮಾತು ಮಾತ್ರ ಖಚಿತ: ಯಾರ ಬಗ್ಗೆ ಬರೆದಿರೋ ಅವರಿಗೆ ಮೊದಲು ಓದಿ ಹೇಳಿ.

ಈ ಬರಹವನ್ನೂ ಜಯಮ್ಮನವರ ಪಕ್ಕ ಕೂತು ನೀಲವ್ವನಿಗೆ ಫೋನಿನಲ್ಲಿ ಓದಿದೆ. 'ಮದುವೆಯಾದ ಮರುವರ್ಷ ಮೈಸೂರಿಗೆ ಬಂದೆ' ಎಂಬಲ್ಲಿ ಅವಳು ತಡೆದಳು. "ಬಂದೆ ಅಲ್ಲವ್ವ, ಹೋದೆ ಅಂತ ಬರಿ. ನಮ್ಮನ್ನ ಬಿಟ್ಟು ಹೋದಾಕಿ ನೀ."

ಜಯಮ್ಮ ಸೂಜಿಗೆ ದಾರ ಪೋಣಿಸುತ್ತಲೇ, "ಬಂದೆ ಅಂತ್ಲೇ ಇರ್ಲಿ ಬುಡಮ್ಮ. ಇಲ್ಲೇ ಕೂತಿದ್ದೀಯಲ್ಲ" ಎಂದರು.

ಆ ಸಾಲನ್ನು ತೆಗೆದುಬಿಟ್ಟಿದ್ದೇನೆ.