ದಾರಿ ಹೇಳಿದವನು

ಊರಿನ ಡ್ರೈವರುಗಳೆಲ್ಲ ಅವನನ್ನು ನಿಧಾನಿ ಎಂದೇ ಕರೆಯುತ್ತಿದ್ದರು. ವಿದೇಶಿ ರಾಯಭಾರ ಕಚೇರಿಯೊಂದರ ಕರಿಯ ಕಾರನ್ನು ಇಪ್ಪತ್ತೆರಡು ವರ್ಷ ಓಡಿಸಿದ ಈ ಮಹಾಶಯ ಸ್ಪೀಡಿನ ಮುಳ್ಳನ್ನು ನಲವತ್ತರ ಮೇಲೆ ಏರಗೊಟ್ಟವನಲ್ಲ. ಅವನ ಹಿಂದೆ ಸಿಕ್ಕಿಹಾಕಿಕೊಂಡವರು ಹಾರನ್ ಒತ್ತಿ ಒತ್ತಿ ಸುಸ್ತಾಗಿ, ಕೊನೆಗೆ ಅವನ ಏಳು ತಲೆಮಾರನ್ನು ಜಾಲಾಡಿ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಅದು ಅವನ ಕಿವಿಗೇ ಬೀಳುತ್ತಿರಲಿಲ್ಲ. "ಬೇಗ ಹೋಗೋದು ಯಾರ ಕೈಲಾದ್ರೂ ಆಗತ್ತೆ. ಹಿಂದೆ ಕೂತವರ ಕೈಲಿರೋ ಟೀ ಚೆಲ್ಲದ ಹಾಗೆ ಹೋಗಿ ನೋಡೋಣ," ಎನ್ನುತ್ತಿದ್ದ. ಈ ಅವಧಿಯಲ್ಲಿ ಐದು ರಾಯಭಾರಿಗಳು ಬಂದು ಹೋದರು, ಮೂರು ಕಾರು ಬದಲಾದವು, ನಿಧಾನಿ ಮಾತ್ರ ಬೆಳಿಗ್ಗೆ ಆರೂವರೆಗೆ ಬಂದು ಹಳೆ ಪತ್ರಿಕೆಯಿಂದ ಗಾಜು ಉಜ್ಜುವುದನ್ನು ಬಿಡಲಿಲ್ಲ. ಮನೆಯಲ್ಲಿ ಒಂದು ಲೋಟ ತೊಳೆದವನಲ್ಲ ಎಂದು ಹೆಂಡತಿ ಬೈಯುತ್ತಿದ್ದಳು. ಅವಳು ಹೇಳುತ್ತಿದ್ದುದು ನಿಜ.

ಒಳ್ಳೆಯ ಮನುಷ್ಯ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ಹೇಳಲು ನನಗೇ ಬಾಯಿ ಬಾರದು.

ಸಚಿವಾಲಯದ ಹಿಂಬದಿ ಗೋಡೆಗೆ ಅಂಟಿಕೊಂಡು ಒಂದು ತಗಡಿನ ಶೆಡ್ಡಿತ್ತು. ದೊಡ್ಡವರು ಒಳಗೆ ಮೀಟಿಂಗಿನಲ್ಲಿದ್ದಷ್ಟು ಹೊತ್ತು ಡ್ರೈವರುಗಳು ಅಲ್ಲಿ ಬೆಂಚಿನ ಮೇಲೆ ಕೂತು ಲೋಕವನ್ನೆಲ್ಲ ತಿದ್ದುತ್ತಿದ್ದರು. ಆ ಶೆಡ್ಡಿಗೆ ಒಂದು ಕಟ್ಟುಪಾಡಿತ್ತು: ನಾಳೆ ಯಾರು, ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಹೋಗುತ್ತಾರೆಂದು ಒಬ್ಬರಿಗೊಬ್ಬರು ಹೇಳಲೇಬೇಕು. ಹಳೇ ಪೇಟೆಯ ಬೀದಿಗಳು ಒಂದು ದೊಡ್ಡ ಕಾರಿಗಷ್ಟೇ ಅಗಲ. ಹಿಂದೊಮ್ಮೆ ಮಂತ್ರಿಯ ಕಾರೂ ಸೇನಾಧಿಕಾರಿಯ ಕಾರೂ ಅಲ್ಲಿ ಎದುರುಬದುರಾಗಿ, ಇಬ್ಬರಲ್ಲಿ ಒಬ್ಬರೂ ಹಿಂದೆ ಸರಿಯಲೊಪ್ಪದೆ ಮುಕ್ಕಾಲು ಗಂಟೆ ನಿಂತಿದ್ದವು. ಬೈಗುಳ ತಿಂದವರು ಡ್ರೈವರುಗಳು. ಅವತ್ತಿನಿಂದ ಈ ಪದ್ಧತಿ. ದೊಡ್ಡವರಿಗೆ ಇದರ ಸುಳಿವೇ ಇರಲಿಲ್ಲ, ನಮ್ಮ ದೇಶದಲ್ಲಿ ಟ್ರಾಫಿಕ್ ಎಷ್ಟು ಚೆಂದ ಎಂದುಕೊಂಡು ಓಡಾಡುತ್ತಿದ್ದರು. ದಾರಿ ಹೇಳದವನನ್ನು ಶೆಡ್ಡಿನಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ.

ಆ ವರ್ಷ ಚುನಾವಣೆ ಎರಡು ಸಲ ಮುಂದಕ್ಕೆ ಹೋಯಿತು. ಮೂರನೆಯ ಸಲ ಅದರ ಮಾತು ಬರುವ ಹೊತ್ತಿಗೆ ವಿರೋಧ ಪಕ್ಷದ ಕಚೇರಿಗಳು ಒಂದೊಂದಾಗಿ ಸುಟ್ಟುಹೋಗುತ್ತಿದ್ದವು. ಬೆಂಕಿ ಹಚ್ಚುವವರು ಯಾರೆಂದು ಪೊಲೀಸರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಪಕ್ಷದ ನಗರ ಕಾರ್ಯದರ್ಶಿಯಾಗಿದ್ದ ಹೆಂಗಸು, ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದ್ದರಿಂದ ಊರಿಗೆಲ್ಲ ಟೀಚರ್, ಗೂಂಡಾಗಳು ಮನೆಯ ಬಾಗಿಲು ಮುರಿದ ದಿನ ಹಿತ್ತಲ ಗೋಡೆ ಹಾರಿ ನೇರವಾಗಿ ರಾಯಭಾರ ಕಚೇರಿಯ ಗೇಟಿಗೆ ಬಂದರು. ಜೊತೆಗೆ ತಮ್ಮ. ಅವನು ಗಡಿಯಾರ ರಿಪೇರಿಯವನು, ರಾಜಕೀಯ ಎಂದರೆ ಆಕಳಿಸುವವನು. ಅಕ್ಕ ಒಬ್ಬಳೇ ಯಾಕೆ ಓಡಬೇಕೆಂದು ತಾನೂ ಓಡಿ ಬಂದಿದ್ದ. ಕಚೇರಿಯ ಲೈಬ್ರರಿಯಲ್ಲಿ ಇಬ್ಬರಿಗೂ ಹಾಸಿಗೆ ಹಾಕಿಕೊಟ್ಟರು.

ಹನ್ನೊಂದು ದಿನ ಇದ್ದರು. ತಮ್ಮನೋ ಕೈ ಕಟ್ಟಿ ಕೂರುವ ಜಾತಿಯವನಲ್ಲ. ಕಚೇರಿಯ ಗೋಡೆ ಗಡಿಯಾರಗಳನ್ನೆಲ್ಲ ಬಿಚ್ಚಿ ಜೋಡಿಸಿ, ಆಮೇಲೆ ಡ್ರೈವರ್ ಕೋಣೆಗೆ ಬಂದು ನಿಧಾನಿಯ ಜೊತೆ ಹರಟೆಗೆ ಕೂರುತ್ತಿದ್ದ. ವಿಮಾನದಲ್ಲಿ ಇಬ್ಬರನ್ನೂ ದೇಶದಾಚೆ ಕಳಿಸುವುದೆಂದು ನಿರ್ಧಾರವಾದಾಗ, "ನಿನ್ನ ಗಾಡೀಲಾ? ಹಾಗಾದ್ರೆ ವಿಮಾನಕ್ಕೆ ಮೊದ್ಲೇ ಹೇಳಿಡು, ನಾಲ್ಕು ದಿನ ಕಾಯ್ಲಿ ಅಂತ," ಎಂದು ನಕ್ಕ. ನಿಧಾನಿಯೂ ನಕ್ಕ.

ಹೊರಡುವ ಹಿಂದಿನ ದಿನ ರಾಯಭಾರಿ ಮೇಡಮ್ ಅವನನ್ನು ಕರೆಸಿ, ಹಿಟ್ಟಿನ ಗಿರಣಿಯ ರಸ್ತೆಯಲ್ಲಿ ಹೋಗುವುದು, ಬೆಳಿಗ್ಗೆ ಹನ್ನೊಂದಕ್ಕೆ, ಯಾರಿಗೂ ಹೇಳಕೂಡದು ಎಂದರು. ಅವನು ತಲೆಯಾಡಿಸಿದ. ಸಂಜೆ ನಾಲ್ಕಕ್ಕೆ ಒಂದು ಕಾಗದ ತಲುಪಿಸಲು ಸಚಿವಾಲಯಕ್ಕೆ ಹೋದ. ಶೆಡ್ಡಿನಲ್ಲಿ ಗೃಹಮಂತ್ರಿಯ ಡ್ರೈವರ್ ಒಬ್ಬನೇ ಕೂತು ಬೂಟು ಒರೆಸುತ್ತಿದ್ದ. ಸದಾ ಹಾರನ್ ಬಾರಿಸುವ ಚಟದಿಂದ ಅವನಿಗೆ ಹಾರನ್ ಎಂದೇ ಹೆಸರು. ಹದಿನೈದು ವರ್ಷದ ಗೆಳೆಯ.

"ನಾಳೆ ನಿಂದೆಲ್ಲಿ?" ಎಂದು ಹಾರನ್ ಮಾಮೂಲಿನಂತೆ ಕೇಳಿದ.

"ಗಿರಣಿ ರಸ್ತೆ. ಹನ್ನೊಂದಕ್ಕೆ."

ಯಾರಿಗೂ ಎಂದರೆ ಡ್ರೈವರುಗಳಿಗೂ ಎಂದು ಅವನ ತಲೆಗೆ ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಹೊರಳಿತು. ಅಷ್ಟಕ್ಕೇ ನಿಂತಿದ್ದರೆ ನಾನೂ ಅವನ ಪರವಾಗಿ ನಾಲ್ಕು ಮಾತಾಡುತ್ತಿದ್ದೆ. ಆದರೆ ಹಾರನ್, "ಅದ್ಯಾಕಪ್ಪ ಆ ಧೂಳಲ್ಲಿ?" ಎಂದು ನಕ್ಕಾಗ ಇವನಿಗೆ ಜಂಬ ಬಂತು. ಜೀವಮಾನವೆಲ್ಲ ನಿಧಾನಿ ಎಂದು ಆಡಿಸಿಕೊಂಡವನಿಗೆ ಒಂದು ದಿನ ದೊಡ್ಡ ಕೆಲಸ ಸಿಕ್ಕಿತ್ತು, ಅದನ್ನು ಯಾರಿಗಾದರೂ ತೋರಿಸದೆ ಇರಲಾಗಲಿಲ್ಲ.

"ನಾಳೆ ನನ್ನ ಹಿಂದಿನ ಸೀಟಲ್ಲಿ ಯಾರು ಕೂತಿರ್ತಾರೆ ಅಂತ ಗೊತ್ತಾದ್ರೆ ನೀನು ಬೆಂಚಿಂದ ಕೆಳಗೆ ಬೀಳ್ತೀಯ," ಎಂದುಬಿಟ್ಟ.

ಹಾರನ್ ಬೂಟು ಒರೆಸುವುದನ್ನು ಮುಂದುವರಿಸಿದ.

ಮರುದಿನ ಗಿರಣಿಯ ತಿರುವಿನಲ್ಲಿ ಒಂದು ಲಾರಿ ಅಡ್ಡ ನಿಂತಿತ್ತು. ನಿಧಾನಿ ಬ್ರೇಕ್ ಒತ್ತಿದ. ಮೊದಲು ಅವನ ಕಣ್ಣಿಗೆ ಬಿದ್ದದ್ದು ಗಿರಣಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ಖಾಲಿ ಟೀ ಲೋಟಗಳು, ಇಪ್ಪತ್ತೋ ಇಪ್ಪತ್ತೈದೋ. ಇವರು ಬಹಳ ಹೊತ್ತಿನಿಂದ ಕಾಯುತ್ತಿದ್ದಾರೆ ಎಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಆಮೇಲೆ ಕಬ್ಬಿಣದ ಸರಳುಗಳು ಬಂದವು. ಗಾಜು ಒಡೆದು ಒಂದು ಕಲ್ಲು ಅವನ ಹಣೆಗೆ ಬಿತ್ತು. ಹಿಂದಿನ ಬಾಗಿಲು ಕಿತ್ತು ಟೀಚರನ್ನು ಎಳೆದರು. ಅಕ್ಕನ ಮೇಲೆ ತಮ್ಮ ಅಡ್ಡ ಬಿದ್ದ, ಅವರು ಎಷ್ಟು ಎಳೆದರೂ ಏಳಲಿಲ್ಲ. ಎಲ್ಲ ಮುಗಿಯಲು ನಾಲ್ಕು ನಿಮಿಷ ಹಿಡಿಯಿತು. ಟೀಚರ ಸೊಂಟ ಮತ್ತು ಕಾಲು ಮುರಿದಿದ್ದವು. ತಮ್ಮ ಅಲ್ಲೇ ಸತ್ತಿದ್ದ.

ಎರಡು ದಿನ ಬಿಟ್ಟು, ಹಣೆಗೆ ಐದು ಹೊಲಿಗೆ ಹಾಕಿಸಿಕೊಂಡ ನಿಧಾನಿ ಹಾರನ್‌ನ ಮನೆ ಬಾಗಿಲಿಗೆ ಹೋಗಿ ನಿಂತ.

"ಯಾರಿಗೆ ಹೇಳ್ದೆ?"

ಹಾರನ್ ಅವನ ಮುಖ ನೋಡಲಿಲ್ಲ. "ಕಾರಲ್ಲಿ ಸಾಹೇಬ್ರು ಏನಯ್ಯ ಸುದ್ದಿ ಅಂದ್ರು. ಮಾತಿಗೆ ಮಾತು ಬಂತು. ನಂಗೇನು ಗೊತ್ತಿತ್ತು ಮಾರಾಯ, ನೀನೇ ತಾನೇ ಹೇಳಿದ್ದು," ಎಂದು ಬಾಗಿಲು ಹಾಕಿಕೊಂಡ.

ನೀನೇ ತಾನೇ ಹೇಳಿದ್ದು. ಆ ಮಾತು ಅವನನ್ನು ಹಗಲೂ ಇರುಳೂ ತಿನ್ನತೊಡಗಿತು. ಅನ್ನ ಸೇರಲಿಲ್ಲ. ಹೆಂಡತಿ ಪತ್ರಿಕೆಯಲ್ಲಿ ಬಂದ ಅವನ ಫೋಟೋಗೆ, ಹಣೆಗೆ ಪಟ್ಟಿ ಕಟ್ಟಿಕೊಂಡು ಒಡೆದ ಕಾರಿನ ಪಕ್ಕ ನಿಂತದ್ದಕ್ಕೆ, ಕಟ್ಟು ಹಾಕಿಸಿ ಅಡುಗೆಮನೆಯ ಫ್ರಿಜ್ಜಿನ ಮೇಲೆ ತೂಗುಹಾಕಿದಳು. ಅತ್ತೆ ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮಳಿಯ ಸುಮ್ನೆ ಕಾಣ್ತಾನೆ, ಒಳಗೆ ಹುಲಿ," ಎನ್ನುತ್ತಿದ್ದಳು. ಹುಲಿ ಅಡುಗೆಮನೆಗೆ ನೀರು ಕುಡಿಯಲು ಹೋಗುವುದನ್ನೇ ಬಿಟ್ಟಿತು.

ಇತ್ತ ಸರ್ಕಾರದ ಹೇಳಿಕೆ ಹೊರಬಿತ್ತು: ವಿದೇಶಿ ಕಾರು ಅತಿವೇಗದಿಂದ ಬಂದು ದಾರಿಹೋಕನಿಗೆ ಗುದ್ದಿದ್ದರಿಂದ ಜನ ರೊಚ್ಚಿಗೆದ್ದರು. ಊರಿನ ಡ್ರೈವರುಗಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ರಾಯಭಾರ ಕಚೇರಿ ಉತ್ತರ ಬರೆಯಲು ಕೂತಿತು. ಮೇಡಮ್ ನಿಧಾನಿಯನ್ನು ಎದುರು ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಕೇಳಿದರು. ಎಷ್ಟು ವೇಗ? ಮೂವತ್ತೈದು. ಯಾರಿಗಾದರೂ ಗುದ್ದಿದೆಯಾ? ಇಲ್ಲ. ದಾರಿ ಯಾರ್ಯಾರಿಗೆ ಗೊತ್ತಿತ್ತು?

"ನಿಮಗೆ, ನನಗೆ, ಅವರಿಬ್ಬರಿಗೆ. ಬೇರೆ ಯಾರಿಗೂ ಇಲ್ಲ," ಎಂದ.

ಸುಳ್ಳು ಹೇಳಬೇಕೆಂದು ಹೊರಟಿರಲಿಲ್ಲ. ಮೇಡಮ್ ಅವನ ಹಣೆಯ ಪಟ್ಟಿಯನ್ನು ನೋಡಿದ ರೀತಿಗೆ ನಿಜ ಹೇಳಲು ಧೈರ್ಯ ಬರಲಿಲ್ಲ. ಹೇಳಿಕೆಯ ಕೊನೆಗೆ ಹಾಕಬೇಕಾದ ಸಹಿಯನ್ನು ತಪ್ಪು ಸಾಲಿನ ಮೇಲೆ ಹಾಕಿದ, ಪಾಪ ಇನ್ನೂ ಆಘಾತ ಇಳಿದಿಲ್ಲ ಎಂದು ಎಲ್ಲರೂ ಮರುಗಿದರು.

ಆ ಒಂದು ಸಾಲಿನಿಂದ ಎಷ್ಟು ದೂರ ಹೋಯಿತು ನೋಡಿ. ಬೇರೆ ಯಾರಿಗೂ ಗೊತ್ತಿರಲಿಲ್ಲವೆಂದರೆ ಸುದ್ದಿ ಹೊರಬಿದ್ದದ್ದು ಹೇಗೆ? ಹುಡುಕಿದಾಗ, ಹಿಂದಿನ ದಿನ ಟೀಚರ್ ಕಚೇರಿಯ ಫೋನಿನಿಂದ ತಮ್ಮನ ಹೆಂಡತಿಗೆ ಮಾತಾಡಿದ್ದು ಸಿಕ್ಕಿತು. ಸರ್ಕಾರ ನಮ್ಮ ಫೋನು ಕದ್ದು ಕೇಳುತ್ತಿದೆ ಎಂದು ರಾಯಭಾರ ಕಚೇರಿ ಪ್ರತಿಭಟನಾ ಪತ್ರ ಕಳಿಸಿತು. ಕದ್ದು ಕೇಳಿಯೇ ಇಲ್ಲ ಎಂದು ಸರ್ಕಾರ ಹಾರಾಡಿತು. ಅದರ ಬಾಯಿಂದ ಆ ವರ್ಷವೆಲ್ಲ ಬಂದ ಒಂದೇ ನಿಜವಾದ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಮೇಡಮ್‌ಗೆ ಮೂರು ದಿನದಲ್ಲಿ ದೇಶ ಬಿಡಲು ಆಜ್ಞೆಯಾಯಿತು. ಅತ್ತ ಅವರ ದೇಶದವರು ಇಲ್ಲಿನ ರಾಯಭಾರಿಯನ್ನು ಹೊರಹಾಕಿದರು. ವೀಸಾ ನಿಂತಿತು, ವಿಮಾನಗಳು ನಿಲ್ಲುವ ದಿನವೂ ಗೊತ್ತಾಯಿತು. ಮೂವತ್ತೊಂದು ಜನ ಸ್ಥಳೀಯ ನೌಕರರು ಕೆಲಸ ಕಳೆದುಕೊಂಡು ಗೇಟಿನ ಹೊರಗೆ ನಿಂತರು. ನಿಧಾನಿಗೊಬ್ಬನಿಗೆ ಮಾತ್ರ, ಧೈರ್ಯ ಮತ್ತು ನಿಷ್ಠೆಗೆಂದು, ಪಕ್ಕದ ದೇಶದ ಅವರ ಕಚೇರಿಯಲ್ಲಿ ಕೆಲಸ ಕೊಟ್ಟರು. ಹೆಂಡತಿ ಪೆಟ್ಟಿಗೆ ಕಟ್ಟಿದಳು.

ಕೊನೆಯ ವಿಮಾನ ಮಧ್ಯಾಹ್ನ ಮೂರಕ್ಕೆ. ಟೀಚರನ್ನು ಸ್ಟ್ರೆಚರಿನಲ್ಲೇ ಅದಕ್ಕೆ ಏರಿಸುವವರಿದ್ದರು. ಬೆಳಿಗ್ಗೆ ಹತ್ತಕ್ಕೆ ನಿಧಾನಿ ಆಸ್ಪತ್ರೆಗೆ ಹೋದ. ಯಾಕೆ ಹೋದೆನೆಂದು ಅವನಿಗೇ ಸ್ಪಷ್ಟವಿರಲಿಲ್ಲ, ಮುಖ ತೋರಿಸಿ ಬಂದರೆ ಎದೆಯ ಭಾರ ಕೊಂಚ ಇಳಿದೀತೆಂಬ ಆಸೆ ಇದ್ದಿರಬೇಕು. ಟೀಚರ್ ಸೊರಗಿ ಅರ್ಧಕ್ಕರ್ಧ ಆಗಿದ್ದರು. ಕಾಲಿಗೆ ತೂಕ ಕಟ್ಟಿ ಮೇಲಕ್ಕೆ ಎಳೆದಿದ್ದರು.

"ಬಾಪ್ಪ, ಕೂತ್ಕೋ. ನಿನ್ನ ಹತ್ರ ಕ್ಷಮೆ ಕೇಳ್ಬೇಕು ಅಂತಿದ್ದೆ," ಎಂದರು ಅವರು.

ಅವನಿಗೆ ಅರ್ಥವಾಗಲಿಲ್ಲ.

"ನನ್ನಿಂದ ನಿನ್ನ ಜೀವಕ್ಕೂ ಅಪಾಯ ಬಂತು. ಫೋನಲ್ಲಿ ಬಾಯಿಬಿಟ್ಟೆ ನೋಡು. ತಮ್ಮನ ಹೆಂಡ್ತಿ ಯಾವ ರಸ್ತೇಲಿ ಬರ್ತೀರಿ ಅಕ್ಕ, ಮರೇಲಿ ನಿಂತು ಅವರ ಮುಖ ಒಂದ್ಸಲ ನೋಡ್ತೀನಿ ಅಂದ್ಲು. ಗಿರಣಿ ರಸ್ತೆ ಅಂದೆ. ಅಷ್ಟೇ. ಅವಳೀಗ ನಾನು ಕೇಳದೇ ಇದ್ದಿದ್ರೆ ಅಂತ ಗೋಡೆಗೆ ತಲೆ ಚಚ್ಕೊಳ್ತಾಳಂತೆ. ನಾನು ಹೇಳದೇ ಇದ್ದಿದ್ರೆ ಅಂತ ನಾನಿಲ್ಲಿ. ಎಷ್ಟು ಮಕ್ಕಳಿಗೆ ಲೆಕ್ಕ ಕಲಿಸಿದೆ, ಇಷ್ಟು ಸಣ್ಣದು ನಂಗೆ ಹೊಳೀಲಿಲ್ಲ."

ನಿಧಾನಿ ಕುರ್ಚಿಯ ಅಂಚು ಹಿಡಿದುಕೊಂಡ. ಸುಮ್ಮನೆ ತಲೆಯಾಡಿಸಿ ಎದ್ದು ಬಂದಿದ್ದರೆ ಯಾರಿಗೂ ಎಂದೂ ತಿಳಿಯುತ್ತಿರಲಿಲ್ಲ. ಮೂರು ಗಂಟೆಗೆ ವಿಮಾನ ಹಾರುತ್ತಿತ್ತು, ಈ ಹೆಂಗಸು ಅವನ ಪಾಪವನ್ನು ತನ್ನದೆಂದು ಹೊತ್ತುಕೊಂಡು ಹೋಗುತ್ತಿದ್ದರು. ತಾನು ಎಂಥ ಹೇಡಿ ಎಂಬುದು ಅವನಿಗೆ ಆಗ ಕಂಡಷ್ಟು ಚೆನ್ನಾಗಿ ಹಿಂದೆಂದೂ ಕಂಡಿರಲಿಲ್ಲ.

"ಫೋನಿಂದ ಅಲ್ಲ ಟೀಚರ್. ನಾನೇ ಹೇಳಿದ್ದು."

ಶೆಡ್ಡು, ಹಾರನ್, ಜಂಬದ ಆ ಮಾತು, ಸಹಿ ಹಾಕಿದ ಸುಳ್ಳು, ಎಲ್ಲವನ್ನೂ ಹೇಳಿದ. ಏನನ್ನೂ ಮೃದು ಮಾಡಲಿಲ್ಲ. ಟೀಚರ್ ಅವನನ್ನು ಬೈಯಲಿಲ್ಲ. ಕೆನ್ನೆಯ ಮೇಲೆ ಇಳಿದ ನೀರನ್ನು ಒರೆಸಿಕೊಂಡರು. ದಿಂಬಿನ ಕೆಳಗಿನಿಂದ ಮೊಬೈಲ್ ತೆಗೆದು ಒಂದು ನಂಬರು ಒತ್ತಿ ಅವನ ಕೈಗೆ ಕೊಟ್ಟರು.

"ಮೇಡಮ್‌ಗೆ ಹೇಳ್ತೀಯೋ ಬಿಡ್ತೀಯೋ, ಅದು ಆಮೇಲೆ. ಮೊದ್ಲು ಇವಳಿಗೆ ಹೇಳು."

ಆ ಕಡೆ ಒಂದು ಹೆಣ್ಣು ದನಿ ಹಲೋ ಎಂದಿತು.

"ನಾನು... ಡ್ರೈವರ್ರು."

"ಅಯ್ಯೋ, ಅಣ್ಣಾ, ನೀವಾ? ಹಣೆ ಗಾಯ ವಾಸಿ ಆಯ್ತಾ ಅಣ್ಣ? ಅವರ ಕೊನೇ ಹೊತ್ತಲ್ಲಿ ನೀವಾದ್ರೂ ಪಕ್ಕದಲ್ಲಿ ಇದ್ರಲ್ಲ, ಅಷ್ಟೇ ನಂಗೆ ಸಮಾಧಾನ."

ಅವನು ಟೀಚರ ಕಡೆ ನೋಡಿದ. ಅವರು ಮುಖವನ್ನು ಗೋಡೆಗೆ ತಿರುಗಿಸಿಕೊಂಡಿದ್ದರು.

"ವಾಸಿ ಆಯ್ತಮ್ಮ," ಎಂದ ನಿಧಾನಿ. "ನೀನು ದಾರಿ ಕೇಳಿದ್ದರಿಂದ ಏನೂ ಆಗಿಲ್ಲ. ಅದನ್ನ ಹೇಳೋಕೆ ಫೋನ್ ಮಾಡ್ದೆ."

"ಮತ್ತೆ ಯಾರಿಂದ ಅಣ್ಣ?"

ಅವನು ಹೇಳಿದ. ಆ ಕಡೆಯಿಂದ ಅಳುವೂ ಶಾಪವೂ ಕೇಳಿಸತೊಡಗಿದವು. ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.