ಅತ್ತೆಯ ಹೆಸರಿನ ಮಗಳು

ಗುಳೇದಗುಡ್ಡದ ನಮ್ಮ ಓಣಿಯಲ್ಲಿ ನೀಲವ್ವನಷ್ಟು ಬಾಯಿ ಯಾರಿಗೂ ಇಲ್ಲ. ಕುಪ್ಪಸದ ಖಣ ಕೊಳ್ಳುವ ವ್ಯಾಪಾರಿ ಬೆಲೆ ಇಳಿಸಿ ಕೇಳಿದರೆ, ಮಗ್ಗದ ಮೇಲೆ ಕೂತಲ್ಲಿಂದಲೇ ಅವನ ಏಳು ತಲೆಮಾರನ್ನು ಜಾಲಾಡುತ್ತಾಳೆ. ಅಂಥವಳು ಮದುವೆಯಾಗಿ ಬಂದಾಗಿನಿಂದ ಎರಡು ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಿರಲಿಲ್ಲ. ಒಂದು ಗಂಡನದು, ಇನ್ನೊಂದು ಅತ್ತೆಯದು. ನಮ್ಮ ಕಡೆ ಸೊಸೆಯಂದಿರು ಹೇಳುವುದಿಲ್ಲ, ಅಷ್ಟೇ.

ಮಗಳು ಹುಟ್ಟಿದಾಗ ಗಂಡ ಬಸಯ್ಯ, ತೀರಿಹೋದ ತನ್ನ ತಾಯಿಯ ಹೆಸರನ್ನೇ ಇಟ್ಟ: ಶಿವಬಸವ್ವ. ಇನ್ನು ಹೆತ್ತವಳು ಮಗಳನ್ನು ಕರೆಯುವುದು ಹೇಗೆ? ಅತ್ತೆಯ ಹೆಸರು ಹಿಡಿದು ಬೈಯುವಂತಿಲ್ಲ, ಬೈಯದೆ ಮಕ್ಕಳನ್ನು ಬೆಳೆಸಲು ನೀಲವ್ವನಿಗೆ ಬರುವುದಿಲ್ಲ. ಐಶ್ವರ್ಯ ಎಂದು ಕರೆದಳು, ಶಾಲೆಗೂ ಅದನ್ನೇ ಬರೆಸಿದಳು. ಆಧಾರ್ ಮಾಡಿಸಲು ಹೋದ ಬಸಯ್ಯ ಶಿವಬಸವ್ವ ಎಂದ. ಮನೆಯಲ್ಲಿ ಇದರಿಂದ ಯಾರಿಗೂ ತೊಡಕಾಗಲಿಲ್ಲ.

ತೊಡಕಾದದ್ದು ಕುಳಗೇರಿ ಕ್ರಾಸಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ವೀರೇಶನನ್ನು ಮದುವೆಯಾಗುತ್ತೇನೆ ಎಂದು ಐಶ್ವರ್ಯ ಹೇಳಿದಾಗ. ಹುಡುಗನ ಜಾತಿ ಬೇರೆ. ಇಬ್ಬರೂ ನೋಂದಣಿ ಕಚೇರಿಗೆ ಅರ್ಜಿ ಹಾಕಿದರು. ವಯಸ್ಸಿಗೆ ಶಾಲೆಯ ಅಂಕಪಟ್ಟಿ, ಗುರುತಿಗೆ ಆಧಾರ್. ಒಂದರಲ್ಲಿ ಐಶ್ವರ್ಯ, ಇನ್ನೊಂದರಲ್ಲಿ ಶಿವಬಸವ್ವ. ಎರಡೂ ಒಬ್ಬಳ ಹೆಸರೇ ಎಂದು ಹೆತ್ತವರಲ್ಲಿ ಒಬ್ಬರು ಪ್ರಮಾಣ ಮಾಡಿ ಹೇಳಲಿ, ಇಲ್ಲದಿದ್ದರೆ ಮದುವೆ ಆಗದು ಎಂದರು ಅಧಿಕಾರಿ.

"ನನಗ ಇರೂ ಮಗಳು ಶಿವಬಸವ್ವ. ಐಶ್ವರ್ಯ ಅಂದ್ರ ಯಾರೋ ನನಗ ಗೊತ್ತಿಲ್ಲ," ಎಂದುಬಿಟ್ಟ ಬಸಯ್ಯ. ದಿನಾ ವಿಭೂತಿ ಹಚ್ಚಿಕೊಂಡು ಬಸವಣ್ಣನ ಹೆಸರು ಹೇಳುವ ಮನುಷ್ಯ! ಜಾತಿ ನೋಡು ಅಂತ ಬಸವಣ್ಣ ಇವನ ಕಿವಿಯಲ್ಲಿ ಹೇಳಿ ಹೋಗಿದ್ದನೇ? ನನಗೆ ಮೈಯೆಲ್ಲ ಉರಿಯಿತು. ಹೆಂಡತಿ ಆ ಹೆಸರು ಹೇಳುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಆ ಧೈರ್ಯದ ಮೇಲೆಯೇ ಕಚೇರಿಗೂ ಬಂದು ಕಾಲ ಮೇಲೆ ಕಾಲು ಹಾಕಿ ಕೂತ.

ಪಕ್ಕದ ಮನೆಯವಳೆಂದು ಸಾಕ್ಷಿಗೆ ನಾನೂ ಹೋಗಿದ್ದೆ. ಅಧಿಕಾರಿ ನೀಲವ್ವನನ್ನು ಕೇಳಿದರು, "ನಿಮ್ಮ ಮನಿಯವರ ಹೆಸರೇನ್ರಿ?"

ನೀಲವ್ವ ಸೆರಗನ್ನು ಬಾಯಿಗೆ ಹಿಡಿದಳು. ಬಸಯ್ಯ ಮೀಸೆಯೊಳಗೇ ನಕ್ಕ. ಆ ನಗು ಅವಳ ಕಣ್ಣಿಗೆ ಬಿತ್ತು.

"ಬಸಯ್ಯ," ಎಂದಳು, ಸೆರಗು ಬಿಟ್ಟು.

"ಆಧಾರದಾಗ ಮಗಳ ಹೆಸರು?"

"ಶಿವಬಸವ್ವ. ಸಾಲ್ಯಾಗ ಐಶ್ವರ್ಯ. ಎರಡೂ ನಾ ಹಡದ ಒಂದ ಕೂಸಿನ ಹೆಸರ್ರಿ."

ಬಸಯ್ಯ ಎದ್ದು ನಿಂತ. "ನಮ್ಮವ್ವನ ಹೆಸರು ಬಾಯಾಗ ತಂದಿ? ನಾಚಿಕಿ ಬರೂದಿಲ್ಲೇನ ನಿನಗ?"

"ನಿಮ್ಮವ್ವನ ಹೆಸರಲ್ಲ, ನನ್ನ ಮಗಳ ಹೆಸರು ಹೇಳೇನಿ. ಹಡದಾಕಿ ನಾ, ಆದ್ರೂ ಇಷ್ಟ ವರ್ಷ ಆ ಹೆಸರಿಗೆ ನನ್ನ ಬಾಯಿ ಕಟ್ಟಿದ್ರಿ. ಸುಮ್ಮನ ಕೂಡೊ, ಬಸಯ್ಯಾ!"

ಬಸಯ್ಯ ಕೂತ. ನೀಲವ್ವ ಪೆನ್ನು ತಗೊಂಡು ಕೂಗಿದಳು:

"ಶಿವಬಸವ್ವಾ, ಬಾರವ್ವ ಇಲ್ಲಿ. ಸಹಿ ಎಲ್ಲಿ ಮಾಡೂದು ತೋರಸು."

ಅವ್ವ ಕರೆದದ್ದು ತನ್ನನ್ನೇ ಎಂದು ತಿಳಿಯಲು ಆ ಹುಡುಗಿಗೆ ಒಂದು ಗಳಿಗೆ ಹಿಡಿಯಿತು.